ಒಂಬತ್ತನೇ ನಾಡಿ

ಕಸ್ತೂರಿ ಮನೆಯಲ್ಲಿ ಮಾವನ ಎದುರು ದನಿಯೆತ್ತಿ ಮಾತಾಡಿದವಳಲ್ಲ. ಮಾವ ಗುಡ್ಡಪ್ಪ ಪಡಸಾಲೆಗೆ ಬಂದರೆ ಅವಳು ಅಡುಗೆಮನೆಯ ಕಡೆ ಸರಿಯುವುದು, ಹೇಳಬೇಕಾದ್ದೇನಾದರೂ ಇದ್ದರೆ ಅತ್ತೆ ನೀಲವ್ವನ ಮೂಲಕ ಹೇಳಿಸುವುದು ಮದುವೆಯಾದ ಎಂಟು ವರ್ಷಗಳಿಂದ ನಡೆದುಬಂದ ರೂಢಿ. ಆದರೆ ಬೆಳಿಗ್ಗೆ ಹತ್ತಕ್ಕೆ ಹಿರೇಹೊಳಿಯ ಅಗ್ನಿಶಾಮಕ ಠಾಣೆಯ ಕಂಟ್ರೋಲ್ ರೂಮಿನಲ್ಲಿ ಕೂತು ಮೈಕಿನ ಗುಂಡಿ ಒತ್ತಿದಳೆಂದರೆ, ಅದೇ ಮಾವನಿಗೆ ‘ಒಂಬತ್ತು, ಹೊರಗೆ ಬನ್ನಿ’ ಎಂದು ಹುಕುಂ ಮಾಡುವ ಅಧಿಕಾರ ಅವಳದು. ಒಂಬತ್ತು ಎಂದರೆ ಅದೇ ಠಾಣೆಯಲ್ಲಿ ಬೆಂಕಿ ಆರಿಸುವ ಗುಡ್ಡಪ್ಪನ ನಂಬರು. ಠಾಣೆಯ ಹುಡುಗರಿಗೆ ಇದೊಂದು ದೊಡ್ಡ ತಮಾಷೆ. ‘ಗುಡ್ಡಪ್ಪಣ್ಣಾರು ಮನ್ಯಾಗ ಹುಲಿ, ವಾಯರ್‌ಲೆಸ್ಸಿನ್ಯಾಗ ಇಲಿ’ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮುಂದೆ ಆಡುವಷ್ಟು ಧೈರ್ಯ ಯಾರಿಗೂ ಇರಲಿಲ್ಲ.

ಅವಳಿಗೆ ಈ ಅಧಿಕಾರ ಕೊಟ್ಟದ್ದು ನಾಡಿ ಎಂಬ ಯಂತ್ರ. ಎರಡು ವರ್ಷದ ಹಿಂದೆ ಜಿಲ್ಲೆಯ ಠಾಣೆಗಳಿಗೆಲ್ಲ ಅದು ಬಂದಿತ್ತು. ನೋಡಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕರೀ ಡಬ್ಬಿ. ಬೆಂಕಿಗೆ ನುಗ್ಗುವ ಪ್ರತಿಯೊಬ್ಬನೂ ಅದನ್ನು ಎದೆಯ ಮೇಲಿನ ಪಟ್ಟಿಗೆ ಸಿಕ್ಕಿಸಿಕೊಳ್ಳಬೇಕು. ಎರಡು ಸೆಕೆಂಡಿಗೊಮ್ಮೆ ಅದು ರೇಡಿಯೋದಲ್ಲಿ ಒಂದು ಮಿಡಿತ ಕಳಿಸುತ್ತದೆ. ಕಟ್ಟಡದ ನಾಲ್ಕು ಮೂಲೆಗೆ ನೆಡುವ ನಾಲ್ಕು ಕಂಬಗಳು ಆ ಮಿಡಿತವನ್ನು ಹಿಡಿದು, ಯಾವ ಕಂಬಕ್ಕೆ ಎಷ್ಟು ಬೇಗ ತಲುಪಿತು ಎಂದು ಲೆಕ್ಕ ಹಾಕಿ, ಮನುಷ್ಯ ಎಲ್ಲಿದ್ದಾನೆ ಎಂಬುದನ್ನು ಎರಡು ಮಾರಿನ ಅಳತೆಯೊಳಗೆ ಹೇಳುತ್ತವೆ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಒಬ್ಬೊಬ್ಬನಿಗೆ ಒಂದೊಂದು ಹಸಿರು ಚುಕ್ಕೆ, ಅದರ ಪಕ್ಕದಲ್ಲಿ ಅವನ ಮೈ ಅಲುಗಾಟದ ಒಂದು ಗೆರೆ. ಇಪ್ಪತ್ತೈದು ಸೆಕೆಂಡು ಅಲುಗಾಟ ನಿಂತರೆ ಚುಕ್ಕೆ ಕೆಂಪಾಗುತ್ತದೆ, ಎಲ್ಲರ ವಾಯರ್‌ಲೆಸ್ ಸೆಟ್ಟಿನಲ್ಲೂ ಗಂಟೆ ಬಡಿಯುತ್ತದೆ, ಒಳಗಿದ್ದವರೆಲ್ಲ ಕೆಲಸ ಬಿಟ್ಟು ಹೊರಬರಬೇಕು, ಬಿದ್ದವನನ್ನು ಎತ್ತಲು ಬೇರೆ ಜೋಡಿ ಒಳಹೋಗಬೇಕು. ಒಳ್ಳೆಯ ಯಂತ್ರ. ಬಂದ ಮೊದಲ ವರ್ಷವೇ ಪಕ್ಕದ ತಾಲೂಕಿನಲ್ಲಿ ಇಬ್ಬರನ್ನು ಉಳಿಸಿತ್ತು.

ಆದರೆ ಗುಡ್ಡಪ್ಪನಿಗೂ ಅದಕ್ಕೂ ಆಗಿಬರಲಿಲ್ಲ. ಮೂವತ್ನಾಲ್ಕು ವರ್ಷ ಬೆಂಕಿಯಲ್ಲಿ ಬೆಂದವನು ಅವನು. ಒಳಗೆ ದಣಿವಾದಾಗ ನೆಲಕ್ಕೆ ಬೋರಲಾಗಿ ಮಲಗಿ, ಕಣ್ಣು ಮುಚ್ಚಿ, ಕೈಕಾಲು ಸಡಿಲ ಬಿಟ್ಟು, ನಲವತ್ತು ಎಣಿಸುವುದು ಅವನ ಪದ್ಧತಿ. ಹಾಗೆ ಮಲಗಿದರೆ ಎದೆಬಡಿತ ಇಳಿಯುತ್ತದೆ, ಬೆನ್ನಿನ ಸಿಲಿಂಡರಿನ ಗಾಳಿ ಮೂರು ನಿಮಿಷ ಹೆಚ್ಚಿಗೆ ಬರುತ್ತದೆ. ಯಾವ ತರಬೇತಿಯಲ್ಲೂ ಹೇಳಿಕೊಡದ ಈ ವಿದ್ಯೆಯನ್ನು ಅವನು ತನ್ನ ಹಿರಿಯರಿಂದ ಕಲಿತಿದ್ದ, ಕಿರಿಯರಿಗೆ ಕಲಿಸಿದ್ದ. ಯಂತ್ರಕ್ಕೆ ಮಾತ್ರ ಯಾರೂ ಕಲಿಸಿರಲಿಲ್ಲ.

ಚಳಿಗಾಲದ ಶುರುವಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದಾಗ ಅವನು ಹೀಗೆ ಮಲಗಿದ. ಇಪ್ಪತ್ತೈದಕ್ಕೆ ಗಂಟೆ ಬಡಿಯಿತು. ಕಸ್ತೂರಿ ಎಲ್ಲರನ್ನೂ ಹೊರಗೆ ಕರೆದಳು. ಹುಡುಗರು ಓಡಿಬಂದರು, ಎತ್ತುವ ಜೋಡಿ ಒಳಗೆ ಓಡಿತು, ನೋಡಿದರೆ ಗುಡ್ಡಪ್ಪ ಎದ್ದು ಕೂತು ‘ಯಾರು ಸತ್ತರೋ?’ ಎಂದು ಕೇಳುತ್ತಿದ್ದ. ಅಷ್ಟರಲ್ಲಿ ಪಕ್ಕದ ಗೋದಾಮಿಗೂ ಬೆಂಕಿ ಹಾರಿತ್ತು. ಮರುದಿನ ಊರಿನ ಚಹಾದಂಗಡಿಯಲ್ಲೆಲ್ಲ ಅದೇ ಮಾತು: ಬೆಂಕಿ ಆರಿಸಲು ಹೋದ ಗುಡ್ಡಪ್ಪ ಅಲ್ಲೇ ಒಂದು ನಿದ್ದೆ ತೆಗೆದನಂತೆ.

ಅವತ್ತು ಊಟಕ್ಕೆ ಕೂತಾಗ ಗುಡ್ಡಪ್ಪ ರೊಟ್ಟಿ ಮುರಿಯಲಿಲ್ಲ. ಬಾಗಿಲ ಮರೆಯಲ್ಲಿ ನಿಂತ ಸೊಸೆಗೆ ಕೇಳುವಂತೆ, ಆದರೆ ಹೆಂಡತಿಯ ಮುಖ ನೋಡಿ ಹೇಳಿದ.

“ನಿನ್ನ ಸೊಸಿ ಮಷೀನು ನನ್ನ ಜೀವಂತ ಹೆಣಾ ಮಾಡಿಬಿಡ್ತು ನೋಡು. ಬೆಂಕ್ಯಾಗ ಸತ್ತಿದ್ರ ಮರ್ಯಾದಿ ಇರ್ತಿತ್ತು.”

“ಬಿಡ್ತು ಅನ್ರಿ,” ಎಂದಳು ನೀಲವ್ವ. “ಆಕಿ ಏನ್ ಮಾಡಬೇಕಿತ್ತು? ನಿಮ್ಮ ಚುಕ್ಕಿ ಕೆಂಪಗಾತಂತ.”

ಕಸ್ತೂರಿಗೆ ಹೇಳಲು ಬೇಕಾದಷ್ಟಿತ್ತು. ಮರುದಿನ ಠಾಣೆಯ ವಾಯರ್‌ಲೆಸ್ ಮೆಕ್ಯಾನಿಕ್ ಶಬ್ಬೀರ ನದಾಫನ ಹತ್ತಿರ ಹೋಗಿ, ಆ ಇಪ್ಪತ್ತೈದನ್ನು ಅರವತ್ತು ಮಾಡಲು ಬರುತ್ತದೆಯೇ ಎಂದು ಕೇಳಿದಳು. ಶಬ್ಬೀರ ಜಿಲ್ಲೆಯ ಎಲ್ಲ ಸೆಟ್ಟುಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ.

“ಮಾಡಾಕ ಒಂದು ನಿಮಿಷದ ಕೆಲಸ ತಂಗೀ. ಆದ್ರ ಖರೇನ ಬಿದ್ದಾವ್ಗ ಆ ಮೂವತ್ತೈದು ಸೆಕೆಂಡು ಎಲ್ಲಿಂದ ತಂದು ಕೊಡ್ತಿ?” ಎಂದ.

ಮೇಲಿನವರಿಗೆ ಬರೆದು ಕೇಳಿದರೂ ಇಲ್ಲವೆಂದೇ ಬಂತು. ಆದರೆ ಆಶ್ಚರ್ಯವೆಂಬಂತೆ, ಆಮೇಲೆ ಸುಳ್ಳು ಗಂಟೆಗಳು ತಾವಾಗಿಯೇ ನಿಂತುಹೋದವು. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು, ಗುಡ್ಡಪ್ಪನ ಚುಕ್ಕೆ ಒಮ್ಮೆಯೂ ಕೆಂಪಾಗಲಿಲ್ಲ. ಮಾವ ಯಂತ್ರಕ್ಕೆ ಹೊಂದಿಕೊಂಡರು ಎಂದು ಕಸ್ತೂರಿ ಹಿಗ್ಗಿದಳು. ‘ಸುಳ್ಳು ಎಚ್ಚರಿಕೆ: ಇಲ್ಲ’ ಎಂದು ಮೂರು ತಿಂಗಳ ವರದಿ ಬರೆದು, ತಾನೇ ಸಹಿ ಹಾಕಿ, ಮೇಲೆ ಕಳಿಸಿದಳು. ಯಾಕೆ ನಿಂತವು ಎಂದು ಕೇಳಬೇಕೆಂದು ಅವಳಿಗೆ ತೋಚಲಿಲ್ಲ. ತಲೆನೋವು ಹೋದಮೇಲೆ ಯಾಕೆ ಹೋಯಿತೆಂದು ಯಾರು ವಿಚಾರಿಸುತ್ತಾರೆ?

ಮಾರ್ಚಿನ ಒಂದು ಮಂಗಳವಾರ ಹತ್ತೂವರೆಗೆ ಫೋನು ಬಂತು. ಊರ ಹೊರಗಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಬೆಂಕಿ. ಸಾವಿರಾರು ಚೀಲ ಒಣಮೆಣಸಿನಕಾಯಿ ಪೇರಿಸಿಟ್ಟ, ಕಿಟಕಿಯೇ ಇಲ್ಲದ ಕಟ್ಟಡ. ಹಿರೇಹೊಳಿಯಲ್ಲಿ ಹುಟ್ಟಿದವರಿಗೆ ಆ ಬೆಂಕಿಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಒಲೆಯ ಮೇಲೆ ಒಂದು ಮೆಣಸಿನಕಾಯಿ ಸೀದರೆ ಓಣಿಯೇ ಕೆಮ್ಮುತ್ತದೆ. ಹದಿನೈದು ನಿಮಿಷದಲ್ಲಿ ನಾಲ್ಕು ಕಿಲೋಮೀಟರ್ ಆಚೆಯ ಕಂಟ್ರೋಲ್ ರೂಮಿಗೂ ಘಾಟು ಬಂದು, ಶಬ್ಬೀರ ಒದ್ದೆ ಟವೆಲ್ಲನ್ನು ಬಾಗಿಲ ಸಂದಿಗೆ ತುರುಕಿದ.

ಹತ್ತು ಐವತ್ತಕ್ಕೆ ಆರು ಜನ ಒಳಗೆ ಹೋದರು. ಆರು ಹಸಿರು ಚುಕ್ಕೆ. ಒಬ್ಬೊಬ್ಬರ ಬೆನ್ನ ಮೇಲೂ ಮೂವತ್ತು ನಿಮಿಷದ ಗಾಳಿ. ಗುಡ್ಡಪ್ಪ ಮತ್ತು ಐದನೇ ನಂಬರಿನ ಮೈಲಾರಿ ಎಂಬ ಹುಡುಗ, ಇಬ್ಬರೂ ಒಂದೇ ನೀರಿನ ಪೈಪು ಹಿಡಿದು ಎರಡನೇ ಕೋಣೆಗೆ ಹೋದರು. ಹನ್ನೊಂದು ನಾಲ್ಕಕ್ಕೆ ಐದರ ಚುಕ್ಕೆ ಹೊರಬಂತು.

“ಕಂಟ್ರೋಲ್, ಐದು. ಸಿಲಿಂಡರ್ ಬದಲಿಸಾಕ ಬಂದೇನ್ರಿ. ಒಂಬತ್ತು ಅಲ್ಲೇ ಪೈಪು ಹಿಡಕೊಂಡಾರ.”

“ಜೋಡಿ ಯಾಕ ಬಿಟ್ಟು ಬಂದ್ರಿ?”

“ಅವರಿಗಿನ್ನೂ ಗಾಳಿ ಐತ್ರಿ. ಹೋಗಂದ್ರು, ಬಂದೆ.”

ಹನ್ನೊಂದು ಹತ್ತಕ್ಕೆ ಕಸ್ತೂರಿ ಎಲ್ಲರ ಹಾಜರಿ ಕೂಗಿದಳು. ಐವರು ಓಗೊಟ್ಟರು. ಒಂಬತ್ತು ಓಗೊಡಲಿಲ್ಲ. ಅದೇನೂ ಹೊಸದಲ್ಲ, ಗುಡ್ಡಪ್ಪನಿಗೆ ಸೆಟ್ಟಿನಲ್ಲಿ ಮಾತಾಡುವುದೆಂದರೆ ಬೇಸರ. ಚುಕ್ಕೆ ಹಸಿರಾಗಿಯೇ ಇತ್ತು, ಎರಡನೇ ಕೋಣೆಯಲ್ಲೇ ಇತ್ತು, ಅಲುಗಾಟದ ಗೆರೆ ಭರ್ಜರಿಯಾಗಿ ಓಡುತ್ತಿತ್ತು. ಆದರೂ ಅವಳ ಕಣ್ಣು ಆ ಗೆರೆಗೆ ಅಂಟಿಕೊಂಡಿತು. ಉಳಿದವರ ಗೆರೆಗಳು ಸಣ್ಣ ಮಕ್ಕಳು ಗೀಚಿದ ಹಾಗೆ ಅಡ್ಡಾದಿಡ್ಡಿ. ಮನುಷ್ಯ ಬಗ್ಗುತ್ತಾನೆ, ಏಳುತ್ತಾನೆ, ಎಡವುತ್ತಾನೆ. ಒಂಬತ್ತರ ಗೆರೆ ಮಾತ್ರ ಬಾಚಣಿಗೆಯ ಹಲ್ಲಿನಂತೆ ಒಂದೇ ಸಮ.

ಅಷ್ಟರಲ್ಲಿ ಸ್ಥಳದಲ್ಲಿದ್ದ ಠಾಣಾಧಿಕಾರಿ ಇನಾಮದಾರರ ದನಿ ಬಂತು. “ಪಂಪು ಸ್ವಲ್ಪ ಇಳಸ್ರಿ, ಇನ್ನೊಂದು ಪೈಪು ಜೋಡಸ್ತೇವಿ.”

ಪಂಪು ಇಳಿಯಿತು. ಅದೇ ಗಳಿಗೆಗೆ ಒಂಬತ್ತರ ಗೆರೆಯೂ ಇಳಿಯಿತು. ಪಂಪು ಏರಿತು, ಗೆರೆಯೂ ಏರಿತು.

ಕಸ್ತೂರಿ ಆ ಗೆರೆಯತ್ತ ಬೆರಳು ತೋರಿಸಿದಳು. “ಶಬ್ಬೀರಣ್ಣ,” ಎಂದಳು, “ಇದು ಮನುಷ್ಯಾ ಅಲ್ಲ. ಇದು ಪೈಪು.”

ಶಬ್ಬೀರ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಅವಳು ಮೈಕು ಎಳೆದುಕೊಂಡಳು.

“ಐದು, ಖರೇ ಹೇಳ್ರಿ. ಒಂಬತ್ತರ ನಾಡಿ ಎಲ್ಲೈತಿ?”

ಮೈಲಾರಿಯ ಸಣ್ಣ ದನಿ: “ಪೈಪಿನ ತುದಿಗೆ ಕಟ್ಟ್ಯಾರ್ರಿ ಮೇಡಂ. ದಣಿವಾಗಿ ಮಲಗಿದಾಗ ಗಂಟಿ ಬಡೀಬಾರದಂತ... ಪೈಪು ನಡಗ್ತಿರ್ತದಲ್ರಿ, ಮಷೀನು ನಾವ ಅಳ್ಳಾಡ್ತೇವಂತ ತಿಳಕೊಳ್ತದ. ನಾವೆಲ್ಲಾರೂ ಒಮ್ಮೊಮ್ಮೆ ಹಂಗ ಮಾಡ್ತೇವ್ರಿ.”

ಮೂರು ತಿಂಗಳ ವರದಿ, ಅದರ ಕೆಳಗಿನ ತನ್ನ ಸಹಿ, ಎಲ್ಲ ಒಮ್ಮೆಗೇ ಅವಳ ಕಣ್ಣಮುಂದೆ ಬಂದವು. ಇನಾಮದಾರರು ಮೈಲಾರಿಯನ್ನೂ ಇನ್ನೊಬ್ಬನನ್ನೂ ಒಳಗೆ ಕಳಿಸಿದರು. ಪೈಪಿನ ತುದಿ ಕಬ್ಬಿಣದ ಕಂಬಕ್ಕೆ ಹಗ್ಗದಿಂದ ಬಿಗಿದಿತ್ತು, ನೀರು ತನ್ನಷ್ಟಕ್ಕೆ ತಾನು ಚಿಮ್ಮುತ್ತಿತ್ತು, ಕರೀ ಡಬ್ಬಿ ನಡುಗುತ್ತಾ ಕೂತಿತ್ತು. ಮೈಲಾರಿ ಅದನ್ನು ಬಿಚ್ಚಿ ಆರಿಸಿದ. ಗುಡ್ಡಪ್ಪ ಇರಲಿಲ್ಲ. ಸುತ್ತ ಮೂರು ಕೋಣೆ, ಕೋಣೆಗಳ ನಡುವಿನ ಎರಡು ಓಣಿ, ಅಂಗೈ ಕಣ್ಣಿಗೆ ಹಿಡಿದರೂ ಕಾಣದ ಹೊಗೆ, ಕುಸಿಯುತ್ತಿರುವ ಚೀಲದ ಸಾಲುಗಳು. ತಡಕಾಡಿ ಹುಡುಕಿದರೆ ಅರ್ಧ ತಾಸು ಬೇಕು. ಗಡಿಯಾರ ಹನ್ನೊಂದು ಹದಿಮೂರು. ಅವನ ಗಾಳಿ ಹನ್ನೊಂದು ಇಪ್ಪತ್ತಕ್ಕೆ ಮುಗಿಯುತ್ತದೆ.

“ಸೆಟ್ಟಿದ್ದೀತು ಅವರ ಕಡೆ,” ಎಂದಳು ಕಸ್ತೂರಿ. “ಮಾತಾಡಲಿಲ್ಲ ಅಂದ್ರ ಸೆಟ್ಟಿಲ್ಲಂತ ಅಲ್ಲ.”

ಶಬ್ಬೀರ ತಲೆ ಕೆರೆದುಕೊಂಡ. ಆಮೇಲೆ ಒಮ್ಮೆಲೇ ನೆಟ್ಟಗೆ ಕೂತ. “ತಂಗೀ, ಸೆಟ್ಟು ಬರೇ ಕೇಳ್ತಿದ್ರೂ ಸುಮ್ಮನಿರೂದಿಲ್ಲ. ಒಳಗ ಒಂದು ಸಣ್ಣ ಅಲೆ ಹುಟ್ಟಿಸಿ, ಅದರ ಜೋಡಿ ತಾಳೆ ಹಾಕಿ ನೋಡೇ ಅದು ನಮ್ಮ ಮಾತು ಹಿಡೀತದ. ಆ ಅಲೆ ಒಂಚೂರು ಹೊರಗ ಸೋರತೈತಿ. ನಾ ಅದಕ್ಕ ಗುಣುಗು ಅಂತೀನಿ. ಕಂಬ ಹದ ಮಾಡೂವಾಗ ಅದರದ ಕಾಟ ನನಗ. ಅದಕ್ಕ ಸೋಸಿ ತಗದಿಟ್ಟೇನಿ. ಆ ಸೋಸೂದು ಬಂದ್ ಮಾಡಿದ್ರ, ಕಂಬ ಆ ಗುಣುಗು ಕೇಳ್ತಾವು.”

“ಮಾಡ್ರಿ ಮತ್ತ!”

“ಕೇಳು ಪೂರಾ. ಅದು ಸೊಳ್ಳಿ ಸಪ್ಪಳದಷ್ಟು. ಅಲ್ಲಿ ಐದು ನಾಡಿ, ಹತ್ತು ಸೆಟ್ಟು ಒದರತಿರಬೇಕಾದ್ರ ಏನೂ ಕೇಳಸೂದಿಲ್ಲ. ಎಲ್ಲಾ ಆರಿಸಬೇಕು. ಗಾಡಿದೂ, ನಮ್ಮದೂ. ಒಂದು ನಿಮಿಷ.”

ಎಲ್ಲ ಆರಿಸುವುದೆಂದರೆ ಎಲ್ಲರನ್ನೂ ಹೊರಗೆ ಕರೆಯುವುದು, ಬೆಂಕಿಯನ್ನು ಅದರ ಪಾಡಿಗೆ ಬಿಡುವುದು. ಬೆಂಕಿಯ ಜಾಗದಲ್ಲಿ ಸೆಟ್ಟು ಆರಿಸಿದವನನ್ನು ಮನೆಗೆ ಕಳಿಸಬೇಕೆಂದು ನಿಯಮವೇ ಇತ್ತು. ಗುಡ್ಡಪ್ಪನ ಸೆಟ್ಟೇ ಸುಟ್ಟುಹೋಗಿದ್ದರೆ ಇಷ್ಟೆಲ್ಲ ಮಾಡಿಯೂ ಏನೂ ಸಿಗುವುದಿಲ್ಲ. ಕಸ್ತೂರಿ ಇನಾಮದಾರರಿಗೆ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು.

“ಇದನ್ನ ಬರದು ಕೊಡ್ತೀಯೇನವಾ?” ಎಂದರು ಇನಾಮದಾರರು.

“ಕೊಡ್ತೀನ್ರೀ ಸಾಹೇಬ್ರ. ಮೊದಲ ಆರಸ್ರಿ.”

ಇನಾಮದಾರರು ಸೀಟಿ ಊದಿದ್ದು ಸೆಟ್ಟಿನಲ್ಲಿ ಇಲ್ಲಿಗೂ ಕೇಳಿಸಿತು. ಐದು ಚುಕ್ಕೆಗಳು ಒಂದೊಂದಾಗಿ ಬಾಗಿಲ ಕಡೆ ಬಂದವು. ಎಲ್ಲ ಆರಿಸುವ ಮುಂಚೆ ಕಸ್ತೂರಿ ಮೈಕಿನ ಗುಂಡಿ ಒತ್ತಿದಳು.

“ಒಂಬತ್ತು, ಇದು ಕಂಟ್ರೋಲ್...” ಎಂದು ತಡೆದಳು. “ಮಾವಾರ, ನಾನ್ರೀ, ಕಸ್ತೂರಿ. ನಿಮಗ ಕೇಳಸ್ತೈತೋ ಇಲ್ಲೋ ಗೊತ್ತಿಲ್ಲ. ಕೇಳಿಸಿದ್ರ ಅಳ್ಳಾಡಬ್ಯಾಡ್ರಿ. ನಿಮ್ಮ ಪದ್ಧತಿಯಂಗ ಮಲಗ್ರಿ, ಮೆಲ್ಲಕ ಉಸರಾಡ್ರಿ. ಸೆಟ್ಟು ಆರಸಬ್ಯಾಡ್ರಿ. ಇನ್ನ ಒಂದು ನಿಮಿಷ ನಾ ಮಾತಾಡೂದಿಲ್ಲ, ಯಾರೂ ಮಾತಾಡೂದಿಲ್ಲ. ಬಿಟ್ಟು ಹೋದ್ರು ಅನಕೋಬ್ಯಾಡ್ರಿ. ನಿಮ್ಮನ್ನ ಹುಡುಕಾಕಂತನ ಸುಮ್ಮನಾಗ್ತೇವ್ರಿ.”

ಗುಂಡಿ ಬಿಟ್ಟಳು. ಪರದೆಯ ಮೇಲಿನ ಚುಕ್ಕೆಗಳೆಲ್ಲ ಆರಿದವು. ಎರಡು ವರ್ಷದಲ್ಲಿ ಅವಳು ಆ ಪರದೆಯನ್ನು, ಬೆಂಕಿ ಉರಿಯುತ್ತಿರುವಾಗ, ಬರಿದಾಗಿ ಕಂಡದ್ದು ಇದೇ ಮೊದಲು. ಅತ್ತೆಗೆ ಏನು ಹೇಳಲಿ ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ನಾಲ್ಕು ಕಂಬಗಳು ಮಾತ್ರ ತಂತಿಯ ಮೂಲಕ ಗಾಡಿಗೆ, ಗಾಡಿಯಿಂದ ಮೊದಲೇ ಎಳೆದಿದ್ದ ಟೆಲಿಫೋನ್ ತಂತಿಯಲ್ಲಿ ಇಲ್ಲಿಗೆ, ತಾವು ಕೇಳಿದ್ದನ್ನು ಕಳಿಸುತ್ತಿದ್ದವು. ಹತ್ತು ಸೆಕೆಂಡು, ಏನೂ ಇಲ್ಲ. ಇಪ್ಪತ್ತು. ಶಬ್ಬೀರ ಗುಂಡಿ ತಿರುಗಿಸುತ್ತಾ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದ. ಮೂವತ್ತು. ಗಾಡಿಯ ಎಂಜಿನ್ನಿನದೊಂದು ಕಿರಿಕಿರಿ ಬಂತು, ಅದನ್ನು ತೆಗೆದ. ನಲವತ್ತೊಂದನೇ ಸೆಕೆಂಡಿಗೆ ಪರದೆಯ ಮೇಲೆ ಒಂದು ಮಸುಕು ಕಲೆ ಮೂಡಿತು, ಮಾಯವಾಯಿತು, ಮತ್ತೆ ಮೂಡಿ ಅಲ್ಲೇ ನಿಂತಿತು. ಎರಡನೇ ಕೋಣೆಯಲ್ಲಲ್ಲ, ಅದರ ಹಿಂದಿನ ಓಣಿಯಲ್ಲಿ, ಕೋಣೆಗಳನ್ನು ತಂಪಾಗಿಡುವ ಅಮೋನಿಯಾ ಪೈಪುಗಳು ಹಾದುಹೋಗುವ ಗೋಡೆಯ ಬುಡದಲ್ಲಿ.

“ಹಿಂದಿನ ಓಣಿ!” ಎಂದು ಕಸ್ತೂರಿ ಟೆಲಿಫೋನಿನಲ್ಲಿ ಕಿರುಚಿದಳು. “ಎಡಗಡೆ ಗ್ವಾಡಿ ಹಿಡಕೊಂಡು ಹದಿನಾಲ್ಕು ಹೆಜ್ಜಿ!”

ಹನ್ನೊಂದು ಇಪ್ಪತ್ತು ದಾಟಿತು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ನಾಲ್ಕಕ್ಕೆ ಮೈಲಾರಿಯ ದನಿ ಕೆಮ್ಮುತ್ತಾ ಅಳುತ್ತಾ ಬಂತು. “ಸಿಕ್ಕರ್ರೀ ಮೇಡಂ! ಚೀಲದ ಬುಡಕ ಅದಾರ. ಸಿಲಿಂಡರಿನ್ಯಾಗ ಇನ್ನೂ ಗಾಳಿ ಐತ್ರಿ!”

ಕಸ್ತೂರಿ ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಶಬ್ಬೀರ ಅವಳ ಕೈಯಿಂದ ಟೆಲಿಫೋನು ಬಿಡಿಸಿಕೊಂಡು, ತಾನೇ ನೀಲವ್ವನಿಗೆ ಸುದ್ದಿ ಮುಟ್ಟಿಸಿದ.

ಆದದ್ದಿಷ್ಟು. ಬೆವರಿದ ಕುತ್ತಿಗೆ ಚುರುಚುರು ಎಂದಾಗ ಅಮೋನಿಯಾ ಸೋರುತ್ತಿದೆ ಎಂದು ಗುಡ್ಡಪ್ಪನಿಗೆ ಗೊತ್ತಾಗಿ, ಪೈಪನ್ನು ಕಂಬಕ್ಕೆ ಬಿಗಿದು ವಾಲ್ವು ತಿರುಗಿಸಲು ಓಣಿಗೆ ಹೋಗಿದ್ದ. ತಿರುಗಿಸಿಯೂ ಆಗಿತ್ತು. ವಾಪಸು ಬರುವಾಗ ಚೀಲದ ಸಾಲು ಮೇಲೆ ಬಿತ್ತು. ಕಾಲು ಸಿಕ್ಕಿಕೊಂಡಿತು, ಮೈಕಿನ ವಾಯರು ಹರಿದುಹೋಯಿತು. ಸೆಟ್ಟು ಮಾತ್ರ ಅವನ ಕಿವಿಯಲ್ಲಿ ಮಾತಾಡುತ್ತಲೇ ಇತ್ತು. ಮೂಳೆ ಮುರಿದಿರಲಿಲ್ಲ. ಕಣಕಾಲು ಉಳುಕಿತ್ತು, ಅಷ್ಟೇ.

ಐದನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದು ಗುಡ್ಡಪ್ಪ ಪಡಸಾಲೆಯಲ್ಲಿ ಕಾಲು ಚಾಚಿ ಕೂತ. ಕಸ್ತೂರಿ ಗಂಜಿಯ ಬಟ್ಟಲು ತಂದು ಅವನ ಮುಂದೆ ಕುಕ್ಕಿದಳು. ಅಡುಗೆಮನೆಗೆ ಹೋಗಲಿಲ್ಲ, ಅಲ್ಲೇ ನಿಂತಳು.

“ಆ ಡಬ್ಬಿ ಪೈಪಿಗೆ ಕಟ್ಟಾಕ ನಿಮಗ ಮನಸರ ಹೆಂಗ ಬಂತ್ರಿ? ನಾ ಅಲ್ಲಿ ಕುಂತು ನಿಮ್ಮನ್ನ ನೋಡ್ತೇನಂತ ತಿಳಕೊಂಡು ಮೂರು ತಿಂಗಳು ಪೈಪು ನೋಡೇನಿ! ನಿಮಗೇನರ ಆಗಿದ್ರ ನಾ ಈ ಮನ್ಯಾಗ ಹೆಂಗ ಮಾರಿ ತೋರಸಬೇಕಿತ್ರಿ?”

ಗುಡ್ಡಪ್ಪ ಬಟ್ಟಲನ್ನೇ ನೋಡುತ್ತಿದ್ದ.

“ಮಂದಿ ನಕ್ಕರವಾ,” ಎಂದ. ಅವನು ಸೊಸೆಗೆ ನೇರ ಮಾತಾಡಿದ್ದೇ ಅಪರೂಪ. “ಮೂವತ್ನಾಲ್ಕು ವರ್ಷದ ಸರ್ವಿಸು. ಮಲಗಿದ್ದ ಅಂತ ನಕ್ಕರು.”

“ದಣಿವಾಗೇತಿ, ಮಲಗ್ತೀನಿ ಅಂತ ಒಂದ ಮಾತು ಹೇಳಿದ್ರ ಆಗ್ತಿದ್ದಿಲ್ಲೇನ್ರಿ? ನಾ ಗಂಟಿ ತಡದು ಎಣಸ್ತಾ ಕೂಡ್ತಿದ್ದೆ.”

“ಇಡೀ ಜಿಲ್ಲಾ ಕೇಳ್ತದ ಆ ಸೆಟ್ಟಿನ್ಯಾಗ. ಗುಡ್ಡಪ್ಪಗ ದಣಿವಾತಂತ ಹೆಂಗ ಹೇಳಲಿ?”

ಕಸ್ತೂರಿಯ ಸಿಟ್ಟು ಅಲ್ಲಿಗೆ ಇಳಿಯಿತು. ಗೋಡೆಗೆ ಒರಗಿ ಕೂತಳು. “ತಪ್ಪು ನಂದೂ ಐತ್ರಿ. ಗಂಟಿ ಬಡಿಲಿಲ್ಲಂತ ಖುಷಿ ಪಟ್ಟು ಮ್ಯಾಲ ಬರದು ಕಳಿಸಿದೆ. ಯಾಕ ಬಡಿಲಿಲ್ಲಂತ ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಕೇಳಾಕ ಹೆದರಿಕಿ ನನಗ.”

ಗುಡ್ಡಪ್ಪ ಗಂಜಿ ಕುಡಿದು ಮುಗಿಸಿದ. “ಆ ಒಂದು ನಿಮಿಷ ಭಾಳ ಉದ್ದ ಇತ್ತು,” ಎಂದ. “ನೀ ಹೇಳಿದ್ದಕ್ಕ ಸುಮ್ನ ಮಲಗಿದೆ. ಇಲ್ಲಂದ್ರ ಕಾಲು ಎಳಕೊಳ್ಳಾಕ ಗುದ್ದಾಡಿ ಗಾಳಿ ಖಾಲಿ ಮಾಡ್ತಿದ್ದೆ.”

ಕಸ್ತೂರಿ ಬರೆದು ಕೊಡುತ್ತೇನೆಂದದ್ದನ್ನು ಬರೆದು ಕೊಟ್ಟಳು, ತನ್ನ ವರದಿಯ ತಪ್ಪನ್ನೂ ಸೇರಿಸಿ. ಮೇಲಿನವರು ಒಂದು ವಾರ ಗುಡುಗಿದರು. ಆಮೇಲೆ ಶಬ್ಬೀರನ ಗುಣುಗಿನ ವಿದ್ಯೆಯನ್ನು ಎಲ್ಲ ಠಾಣೆಗೂ ಕಲಿಸಲು ಆದೇಶ ಬಂತು. ಕಸ್ತೂರಿ ಕೇಳಿದ್ದ ಹೊಸ ನಿಯಮವೂ ಬಂತು. ಒಳಗಿರುವವನು ಮಲಗುತ್ತೇನೆಂದು ಬಾಯಿಬಿಟ್ಟು ಹೇಳಿದರೆ ಅವನ ಗಂಟೆಯನ್ನು ಒಂದು ನಿಮಿಷ ತಡೆಯಬಹುದು, ಅಷ್ಟು ಹೊತ್ತು ಕಂಟ್ರೋಲಿನವರು ಅವನ ಮೇಲಿಂದ ಕಣ್ಣು ತೆಗೆಯಬಾರದು. ಇನಾಮದಾರರು ಅದನ್ನು ಎಲ್ಲರ ಮುಂದೆ ಓದಿ ಹೇಳಿದರು. ಹುಡುಗರು ತಲೆಯಾಡಿಸಿದರು. ಎರಡು ತಿಂಗಳಲ್ಲಿ ನಾಲ್ಕು ಬೆಂಕಿ ಆರಿಸಿದರು, ಒಬ್ಬನೂ ಆ ಮಾತು ಆಡಲಿಲ್ಲ. ಗಂಟೆ ಬಡಿಯಲೂ ಇಲ್ಲ. ಪೈಪಿಗೆ ಕಟ್ಟುತ್ತಿರಲಿಲ್ಲ, ಅದು ಗೆರೆಯಲ್ಲೇ ಗೊತ್ತಾಗುತ್ತಿತ್ತು. ದಣಿದರೂ ಮಲಗದೆ ಹಲ್ಲು ಕಚ್ಚಿ ನಿಲ್ಲುತ್ತಿದ್ದರು. ಇದು ಇನ್ನೂ ಅಪಾಯ ಎಂದು ಕಸ್ತೂರಿ ಒಳಗೊಳಗೇ ಬೇಯುತ್ತಿದ್ದಳು.

ಗುಡ್ಡಪ್ಪ ಕೆಲಸಕ್ಕೆ ಮರಳಿದ ಎರಡನೇ ವಾರ, ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಎಣ್ಣೆ ಗಿರಣಿಯೊಂದಕ್ಕೆ ಬೆಂಕಿ ಬಿತ್ತು. ಆರು ಚುಕ್ಕೆಗಳು ಒಳಗೆ ಹೋದವು. ಒಂಬತ್ತರ ಗೆರೆ ಉಳಿದೆಲ್ಲರ ಗೆರೆಯಂತೆ ಅಡ್ಡಾದಿಡ್ಡಿ ಓಡುವುದನ್ನು ಕಸ್ತೂರಿ ಪ್ರೀತಿಯಿಂದ ನೋಡುತ್ತಾ ಕೂತಳು. ಹದಿನೇಳು ನಿಮಿಷವಾಗಿತ್ತು. ಸೆಟ್ಟು ಗರಗುಟ್ಟಿತು.

“ಕಂಟ್ರೋಲ್, ಒಂಬತ್ತು.”

“ಹೇಳ್ರಿ ಒಂಬತ್ತು.”

ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಜಿಲ್ಲೆಯ ಏಳು ಠಾಣೆಗಳಲ್ಲಿ ಆ ಸೆಟ್ಟು ತೆರೆದಿತ್ತು.

“ದಣಿವಾಗೇತಿ. ಸ್ವಲ್ಪ ಮಲಗ್ತೀನಿ.”

ಶಬ್ಬೀರ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಕಸ್ತೂರಿ ಒಂಬತ್ತರ ಗಂಟೆ ತಡೆದು ಹೇಳಿದಳು. “ಮಲಗ್ರಿ ಒಂಬತ್ತು. ನಾ ನೋಡ್ತಿರ್ತೀನಿ.”

ಗೆರೆ ಮೆಲ್ಲಗೆ ತಗ್ಗಿ ನೇರವಾಯಿತು. ಯಾರೂ ನಗಲಿಲ್ಲ. ಆಮೇಲೆ ಗುಂಡಿ ಒತ್ತಿದ ಸಪ್ಪಳವಾಗಿ, ಏದುಸಿರಿನ ನಡುವೆ ಒಂದು ಎಳೆಯ ದನಿ ಬಂತು.

“ಕಂಟ್ರೋಲ್, ಐದು. ನನಗೂ ದಣಿವಾಗೇತ್ರಿ ಮೇಡಂ.”